ಊರೂರಿನ ಪಿಯಾನೋ, ಮೈಸೂರಿನ ದುಡ್ಡು



ದತ್ತಿ ಉಪನ್ಯಾಸವೆಂದರೆ ಯಾರೋ ಪುಣ್ಯಾತ್ಮರು ಇಟ್ಟ ಗಂಟಿನ ಬಡ್ಡಿಯಲ್ಲಿ ನಡೆಯುವ ಮಾತು. ಆದ್ದರಿಂದ ದುಡ್ಡಿನ ಸುದ್ದಿ ಎತ್ತುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಸಂಗೀತದ ವಿಷಯ ಬಂದರೆ ನಾವು ವೇದಿಕೆಯ ಮೇಲೆ ನಾದೋಪಾಸನೆಯ ಮಾತಾಡುತ್ತೇವೆ. ಸಂಭಾವನೆ ಎಷ್ಟು, ರೈಲು ಖರ್ಚು ಯಾರ ತಲೆಗೆ, ಉಳಿಯಲು ಎಲ್ಲಿ ಏರ್ಪಾಡು, ಈ ಮಾತೆಲ್ಲ ಕಛೇರಿ ಮುಗಿದ ಮೇಲೆ ಕಾಫಿ ಲೋಟ ಹಿಡಿದು ನಿಂತಾಗ ಬರುತ್ತದೆ. ಇವತ್ತು ಆ ಕಾಫಿ ಹೊತ್ತಿನ ಮಾತನ್ನೇ ಮೈಕಿನ ಮುಂದೆ ಆಡುತ್ತೇನೆ. ಪರದೇಶದಲ್ಲಿ ಊರೂರು ತಿರುಗಿ ಪಿಯಾನೋ ನುಡಿಸಿದ ಇಬ್ಬರು ರಷ್ಯನ್ ಗೆಳೆಯರ ಕಥೆ ಇದು. ಒಬ್ಬ ಸೆರ್ಗೇ ರಾಖ್ಮಾನಿನೋವ್, ಇನ್ನೊಬ್ಬ ನಿಕೊಲಾಯ್ ಮೆಟ್ನರ್. ಮೊದಲನೆಯವನನ್ನು ಟಿಕೆಟ್ ಕೊಂಡ ಜನ ಸಾಕಿದರು. ಎರಡನೆಯವನನ್ನು ಅವನ ಕೊನೆಗಾಲದಲ್ಲಿ ಕೈಹಿಡಿದದ್ದು ನಮ್ಮ ಮೈಸೂರು ಅರಮನೆ.

ಪಿಯಾನೋ ನುಡಿಸುವವನ ಪಾಡು ಬೇರೆ ವಾದ್ಯಗಾರರಿಗೆ ಇಲ್ಲ. ವೈಣಿಕರು ವೀಣೆಗೆ ಗವಸು ಹಾಕಿ ಎಲ್ಲಿಗೆ ಬೇಕಾದರೂ ಒಯ್ಯುತ್ತಾರೆ. ಪಿಟೀಲಿನವರಿಗಂತೂ ಪೆಟ್ಟಿಗೆ ಕಂಕುಳಲ್ಲೇ ಇರುತ್ತದೆ. ಕಛೇರಿಗೆ ಇಡುವ ದೊಡ್ಡ ಪಿಯಾನೋ ಹೆಚ್ಚುಕಮ್ಮಿ ಅರ್ಧ ಟನ್ ತೂಗುತ್ತದೆ. ಅದರೊಳಗಿನ ತಂತಿಗಳೆಲ್ಲ ಸೇರಿ ಎಳೆಯುವ ಬಿಗಿ ಸುಮಾರು ಇಪ್ಪತ್ತು ಟನ್. ಅದನ್ನು ಹೊತ್ತುಕೊಂಡು ತಿರುಗುವುದು ಕೆಲವೇ ಮಂದಿಗೆ ಸಾಧ್ಯವಾಗಿದೆ. 1986ರಲ್ಲಿ ಪಿಯಾನೋ ವಾದಕ ಹೊರೊವಿಟ್ಸ್ ಅರವತ್ತೊಂದು ವರ್ಷದ ಮೇಲೆ ಮಾಸ್ಕೋಗೆ ಮರಳಿದಾಗ ತನ್ನ ಸ್ವಂತ ಸ್ಟೈನ್‌ವೇ ಪಿಯಾನೋವನ್ನು ವಿಮಾನದಲ್ಲಿ ತರಿಸಿಕೊಂಡ. ಉಳಿದವರು ಹೋದ ಊರಿನಲ್ಲಿ ಇದ್ದದ್ದನ್ನೇ ನುಡಿಸಬೇಕು. ಒಂದೂರಿನ ಪಿಯಾನೋದಲ್ಲಿ ಬೆರಳೊತ್ತುವ ಮನೆಗಳು ಗಟ್ಟಿ, ಒತ್ತಿದರೆ ಇಳಿಯುವುದಿಲ್ಲ; ಇನ್ನೊಂದೂರಿನವು ಮುಟ್ಟಿದರೆ ಸಾಕು ಕೂಗುತ್ತವೆ. ಹವೆಯಲ್ಲಿ ತೇವ ಹೆಚ್ಚಾದರೆ ಮರ ಉಬ್ಬುತ್ತದೆ, ಶ್ರುತಿ ಜಾರುತ್ತದೆ. ಸಂಜೆ ಕಛೇರಿ ಇದ್ದರೆ ಮಧ್ಯಾಹ್ನ ಒಂದೆರಡು ಗಂಟೆಯಲ್ಲಿ ಗುರುತಿಲ್ಲದ ಆ ವಾದ್ಯದ ಸ್ವಭಾವ ತಿಳಿದುಕೊಳ್ಳಬೇಕು. ಮಾರನೆಯ ದಿನ ಮತ್ತೊಂದೂರು, ಮತ್ತೊಂದು ಪಿಯಾನೋ.

ರಾಖ್ಮಾನಿನೋವ್ ಮೊದಲ ಸಲ ಅಮೆರಿಕಕ್ಕೆ ಹೋದದ್ದು 1909ರಲ್ಲಿ. ಆಗ ಅವನಿಗೆ ಮೂವತ್ತಾರು. ರಷ್ಯಾದಲ್ಲಿ ಅವನನ್ನು ಜನ ಗುರುತಿಸುತ್ತಿದ್ದದ್ದು ಮೊದಲಿಗೆ ವಾಗ್ಗೇಯಕಾರನೆಂದು, ಆಮೇಲೆ ಆರ್ಕೆಸ್ಟ್ರಾ ನಡೆಸುವವನೆಂದು, ಪಿಯಾನೋ ಮೂರನೆಯದು. ಆ ಬೇಸಿಗೆಯಲ್ಲಿ ಇವನೋವ್ಕಾ ಎಂಬ ಹಳ್ಳಿಯ ಜಮೀನಿನ ಮನೆಯಲ್ಲಿ ಕೂತು ಈ ಪ್ರವಾಸಕ್ಕೆಂದೇ ಮೂರನೆಯ ಪಿಯಾನೋ ಕನ್ಚೆರ್ಟೊ ಬರೆದ. ಪಿಯಾನೋ ಒಂದು ಕಡೆ, ಇಡೀ ಆರ್ಕೆಸ್ಟ್ರಾ ಇನ್ನೊಂದು ಕಡೆ ಕೂತು ನುಡಿಸುವ ದೊಡ್ಡ ಕೃತಿ ಅದು. ಬರೆದು ಮುಗಿಸಿದನೇ ಹೊರತು ಅಭ್ಯಾಸಕ್ಕೆ ಪುರಸೊತ್ತಾಗಲಿಲ್ಲ. ಹಡಗಿನಲ್ಲಿ ಒಂದು ಮೂಕ ಕೀಬೋರ್ಡ್ ಇಟ್ಟುಕೊಂಡ. ಮನೆಗಳಿವೆ, ತಂತಿಯಿಲ್ಲ, ಸದ್ದಿಲ್ಲ. ಪಿಯಾನೋ ಕೃತಿಗಳಲ್ಲೇ ಅತಿ ಕಷ್ಟದ್ದೆಂದು ಇವತ್ತಿಗೂ ಹೆಸರಾದ ಆ ಕನ್ಚೆರ್ಟೊವನ್ನು ಅದನ್ನು ಬರೆದವನೇ ಅಟ್ಲಾಂಟಿಕ್ ದಾಟುತ್ತ ಕಿವಿಗೆ ಕೇಳಿಸದ ಹಾಗೆ ಕಲಿತ.

ಹೋದ ಕಾರಣವನ್ನು ಅವನು ಮುಚ್ಚಿಡಲಿಲ್ಲ. ದುಡ್ಡು ಬೇಕಿತ್ತು, ಒಂದು ಮೋಟಾರು ಕಾರಿನ ಮೇಲೆ ಕಣ್ಣೂ ಇತ್ತು. ಹೊರಡುವ ಮುಂಚೆ ಗೆಳೆಯನಿಗೆ ಬರೆದ ಪತ್ರದಲ್ಲಿ ಆ ಕಾರಿನ ಮಾತು ಬರುತ್ತದೆ. ನವೆಂಬರ್ 28ರಂದು ನ್ಯೂಯಾರ್ಕಿನಲ್ಲಿ ವಾಲ್ಟರ್ ಡ್ಯಾಮ್ರೋಷ್ ನಡೆಸಿದ ಆರ್ಕೆಸ್ಟ್ರಾ ಜೊತೆಗೆ ಆ ಕನ್ಚೆರ್ಟೊ ಮೊದಲ ಬಾರಿಗೆ ಜನರ ಮುಂದೆ ಬಂತು. ಆರೇಳು ವಾರ ಕಳೆದು, 1910ರ ಜನವರಿ 16ರಂದು, ಕಾರ್ನೆಗಿ ಹಾಲಿನಲ್ಲಿ ಅದೇ ಕೃತಿಯನ್ನು ಮತ್ತೆ ನುಡಿಸಿದ. ಈ ಬಾರಿ ಆರ್ಕೆಸ್ಟ್ರಾ ನಡೆಸಿದವನು ಗುಸ್ತಾವ್ ಮಾಹ್ಲರ್.

ಆ ಕಛೇರಿಯ ರಿಹರ್ಸಲ್ಲಿನ ನೆನಪನ್ನು ರಾಖ್ಮಾನಿನೋವ್ ಆಮೇಲೆ ಹೇಳಿಕೊಂಡಿದ್ದಾನೆ. ಇಂಥ ಕೃತಿಯಲ್ಲಿ ಆರ್ಕೆಸ್ಟ್ರಾ ನಡೆಸುವವರು ಸಾಮಾನ್ಯವಾಗಿ ಪಿಯಾನೋದವನು ಹೋದ ಕಡೆ ಹೋಗಿ ಕೈತೊಳೆದುಕೊಳ್ಳುತ್ತಾರೆ. ಮಾಹ್ಲರ್ ಹಾಗಲ್ಲ. ಪಕ್ಕದ ವಾದ್ಯಗಳ ಒಂದೊಂದು ಸಣ್ಣ ಎಳೆಯನ್ನೂ ಬಿಡಿಸಿ, ಮತ್ತೆ ನುಡಿಸಿ, ಮತ್ತೆ ತಿದ್ದಿದ. ಹೊತ್ತು ಮೀರಿತು. ವಾದ್ಯಗಾರರು ಮೆಲ್ಲಗೆ ಏಳುವ ಸೂಚನೆ ತೋರಿದರು. ತಾನು ಕೂತಿರುವಷ್ಟು ಹೊತ್ತು ಯಾರೂ ಏಳುವಂತಿಲ್ಲ ಎಂದ ಮಾಹ್ಲರ್. ಯಾರೂ ಏಳಲಿಲ್ಲ. ನನಗೆ ಈ ಪ್ರಸಂಗ ಪ್ರಿಯವಾಗಿರುವುದಕ್ಕೆ ಇನ್ನೊಂದು ಕಾರಣವಿದೆ. ಮಾಹ್ಲರ್ ವಿಯೆನ್ನಾ ಬಿಟ್ಟು ನ್ಯೂಯಾರ್ಕಿಗೆ ಬಂದದ್ದರಲ್ಲಿ ಒಳ್ಳೆಯ ಸಂಬಳದ ಪಾಲೂ ಇತ್ತು. ಕೂಲಿಗೆ ಬಂದ ಇಬ್ಬರು ಪರದೇಶಿಗಳು ಕೂಲಿಯ ಗಡಿಯಾರವನ್ನು ಮರೆತ ಬೆಳಗು ಅದು.

ಆ ಪ್ರವಾಸದಲ್ಲಿ ಒಟ್ಟು 26 ಕಾರ್ಯಕ್ರಮ. 19ರಲ್ಲಿ ಪಿಯಾನೋ ನುಡಿಸಿದ, ಏಳರಲ್ಲಿ ಆರ್ಕೆಸ್ಟ್ರಾ ನಡೆಸಿದ. ಮನೆಯ ಕಡೆ ಜೀವ ಎಳೆಯುತ್ತಿತ್ತು, ದೇಶ ಹಿಡಿಸಲಿಲ್ಲ. ಮತ್ತೆ ಬನ್ನಿ ಎಂದು ಕರೆದರು, ಇವನು ಒಲ್ಲೆನೆಂದು ಇವನೋವ್ಕಾಕ್ಕೆ ಮರಳಿದ. ಕಾರು ಕೊಂಡ, ತಾನೇ ಓಡಿಸಿದ. ಅಷ್ಟಕ್ಕೇ ನಿಂತಿದ್ದರೆ ಇವತ್ತು ಅವನ ಬಗ್ಗೆ ನನ್ನ ಉಪನ್ಯಾಸ ಇರುತ್ತಿರಲಿಲ್ಲ.

1917ರ ಕ್ರಾಂತಿ ಆಯಿತು. ಇವನೋವ್ಕಾ ಕೈಬಿಟ್ಟಿತು. ಡಿಸೆಂಬರಿನಲ್ಲಿ ಸ್ವೀಡನ್ನಿನಿಂದ ಕಛೇರಿಗೆ ಕರೆ ಬಂತು. ಅದನ್ನೇ ನೆಪ ಮಾಡಿಕೊಂಡು ಹೆಂಡತಿ ನತಾಲ್ಯಾ, ಮಕ್ಕಳಾದ ಇರೀನಾ ಮತ್ತು ತಾತ್ಯಾನಾರನ್ನು ಕರೆದುಕೊಂಡು ರೈಲು ಹತ್ತಿದ. ಗಡಿಯಿಂದಾಚೆ ತೆರೆದ ಜಾರುಬಂಡಿಯಲ್ಲಿ ಫಿನ್ಲೆಂಡ್ ಹಾದು ಸ್ಟಾಕ್‌ಹೋಮ್ ಸೇರಿದಾಗ ಕ್ರಿಸ್‌ಮಸ್ಸಿನ ಹಿಂದಿನ ದಿನ. ಮತ್ತೆ ಅವನು ರಷ್ಯಾ ನೋಡಲಿಲ್ಲ.

ಇಲ್ಲಿ ಸ್ವಲ್ಪ ನಿಧಾನಿಸಬೇಕು. ನಲವತ್ತನಾಲ್ಕು ವರ್ಷದ ಗೃಹಸ್ಥ, ಪರಸ್ಥಳ, ಕೈಯಲ್ಲಿ ಆಸ್ತಿಯಿಲ್ಲ. ಕೃತಿ ರಚನೆಯಿಂದ ಸಂಸಾರ ಸಾಗುವುದಿಲ್ಲ. ಅಮೆರಿಕದಿಂದ ಬಾಸ್ಟನ್ ಮತ್ತು ಸಿನ್ಸಿನಾಟಿಯ ಆರ್ಕೆಸ್ಟ್ರಾಗಳು ಕೆಲಸಕ್ಕೆ ಕರೆದವು. ಒಪ್ಪಲಿಲ್ಲ. ಆರ್ಕೆಸ್ಟ್ರಾ ನಡೆಸುವವನಿಗೆ ಬಹಳಷ್ಟು ಕೃತಿಗಳು ಚೆನ್ನಾಗಿ ಗೊತ್ತಿರಬೇಕು. ಅಷ್ಟು ಸರಕು ತನ್ನಲ್ಲಿಲ್ಲ ಎಂದು ಅವನಿಗೆ ಗೊತ್ತಿತ್ತು. ಉಳಿದದ್ದು ಹತ್ತು ಬೆರಳು. ಅಲ್ಲಿಯವರೆಗೆ ಜನರೆದುರು ಬಹುಪಾಲು ತನ್ನ ಕೃತಿಗಳನ್ನೇ ನುಡಿಸುತ್ತಿದ್ದವನು ಕೋಪನ್‌ಹೇಗನ್ನಿನಲ್ಲಿ ಕೂತು ಬೇರೆಯವರ ಕೃತಿಗಳನ್ನು ಶಾಲೆಯ ಹುಡುಗನ ಹಾಗೆ ಪಾಠ ಮಾಡಿದ. ಬೀಥೋವನ್, ಶೋಪಾನ್, ಶೂಮನ್, ಲಿಸ್ಟ್. ನಲವತ್ತೈದರ ಹೊಸ್ತಿಲಲ್ಲಿ ಹೊಸ ಕಸುಬು ಶುರು ಮಾಡಿ ಆ ಶತಮಾನದ ಅಗ್ರಗಣ್ಯ ಪಿಯಾನೋ ವಾದಕರಲ್ಲಿ ಒಬ್ಬನಾದ ಇನ್ನೊಬ್ಬ ಮನುಷ್ಯನನ್ನು ನಾನು ಕಾಣೆ.

1918ರ ನವೆಂಬರಿನಲ್ಲಿ, ಮಹಾಯುದ್ಧ ಮುಗಿಯುವ ಹೊತ್ತಿಗೆ ಸರಿಯಾಗಿ, ನ್ಯೂಯಾರ್ಕಿನಲ್ಲಿ ಇಳಿದ. ಡಿಸೆಂಬರ್ 8ರಂದು ರೋಡ್ ಐಲೆಂಡಿನ ಪ್ರಾವಿಡೆನ್ಸ್ ಎಂಬ ಊರಿನಲ್ಲಿ ಮೊದಲ ಕಛೇರಿ. ಅಲ್ಲಿಂದ ಮುಂದೆ ಇಪ್ಪತ್ತೈದು ವರ್ಷ, ಚಳಿಗಾಲ ಬಂತೆಂದರೆ ರೈಲು. 1922-23ರ ಋತುವಿನಲ್ಲಿ ಐದು ತಿಂಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಕಛೇರಿ ಕೊಟ್ಟ. ಹೋಟೆಲಿಂದ ಹೋಟೆಲಿಗೆ ಪೆಟ್ಟಿಗೆ ಕಟ್ಟಿ ಬಿಚ್ಚಿ ಸಾಕಾಗಿ, ಸ್ವಲ್ಪ ಕಾಲ ಒಂದು ರೈಲು ಬೋಗಿಯನ್ನೇ ಬಾಡಿಗೆಗೆ ಹಿಡಿದ. ಅದರೊಳಗೆ ಮಲಗುವ ಜಾಗ, ಸಾಮಾನು, ಒಂದು ಪಿಯಾನೋ. ಊರು ಬಂದಾಗ ಇಳಿದು ನುಡಿಸಿ ಮತ್ತೆ ಬೋಗಿ ಹತ್ತುವುದು. ಕೇಳಲು ರಾಜವೈಭವ, ಮನೆಯೇ ಗಾಲಿಯ ಮೇಲೆ ಹೋದವನ ಸ್ಥಿತಿ ಅದು ಎಂದು ನನಗೆ ಕಾಣುತ್ತದೆ.

ಪ್ರತಿ ಊರಿನಲ್ಲೂ ಅವನಿಗಾಗಿ ಒಂದು ಪೀಡೆ ಕಾದಿರುತ್ತಿತ್ತು. ಹತ್ತೊಂಬತ್ತು ವರ್ಷದವನಿದ್ದಾಗ, 1892ರಲ್ಲಿ, ಸಿ ಶಾರ್ಪ್ ಮೈನರ್ ಶ್ರುತಿಯಲ್ಲಿ ನಾಲ್ಕೈದು ನಿಮಿಷದ ಒಂದು ಪ್ರೆಲ್ಯೂಡ್ ಬರೆದಿದ್ದ. ಪ್ರಕಾಶಕ ಅದಕ್ಕೆ ಕೊಟ್ಟದ್ದು 40 ರೂಬಲ್. ಆಗಿನ ರಷ್ಯಾ ಕೃತಿಸ್ವಾಮ್ಯದ ಬರ್ನ್ ಒಪ್ಪಂದಕ್ಕೆ ಸೇರಿರಲಿಲ್ಲ. ಹೊರದೇಶದ ಪ್ರಕಾಶಕರು ಅದನ್ನು ಬೇಕಾದಷ್ಟು ಅಚ್ಚು ಹಾಕಿ ಮಾರಿಕೊಂಡರು, ಬರೆದವನಿಗೆ ಬಿಡಿಗಾಸೂ ಬರಲಿಲ್ಲ. ಅವನ ಬಂಧು ಸಿಲೋತಿ ಎಂಬ ಪಿಯಾನೋ ವಾದಕ ಅದನ್ನು ಯೂರೋಪ್, ಅಮೆರಿಕಗಳಲ್ಲಿ ನುಡಿಸಿ ಮನೆಮಾತು ಮಾಡಿದ್ದ. ಪಿಯಾನೋ ಇದ್ದ ಮನೆಯ ಹುಡುಗಿಯರೆಲ್ಲ ಅದನ್ನು ಬಡಿಯುತ್ತಿದ್ದರು. ರಾಖ್ಮಾನಿನೋವ್ ಎರಡು ಗಂಟೆ ಕಾಲ ಶೋಪಾನ್, ಲಿಸ್ಟ್ ನುಡಿಸಿ ಎದ್ದರೆ, ನಮ್ಮ ಕಂಪನಿ ನಾಟಕದ ಪ್ರೇಕ್ಷಕರು ಹಿಂದಿನ ಬೆಂಚಿನಿಂದ ‘ಒನ್ಸ್ ಮೋರ್’ ಕೂಗುತ್ತಿದ್ದ ಹಾಗೆ ಸಭೆ ‘ಸಿ ಶಾರ್ಪ್’ ಎಂದು ಕೂಗುತ್ತಿತ್ತು. ಬಹಳ ಸಲ ಅದನ್ನು ನುಡಿಸದೆ ಬಿಡುಗಡೆ ಇರಲಿಲ್ಲ. ಹತ್ತೊಂಬತ್ತರ ವಯಸ್ಸಿನ ತನ್ನನ್ನು ಅರವತ್ತರವರೆಗೂ ಹೊತ್ತು ತಿರುಗಿದ.

ತಿರುಗಾಟದ ಸಂಗೀತಗಾರರ ಬಗ್ಗೆ ಒಂದು ಸಂಶಯ ಯಾವಾಗಲೂ ಇರುತ್ತದೆ. ಇಷ್ಟು ಕಛೇರಿ ಕೊಟ್ಟರೆ ಸಂಗೀತ ಎಲ್ಲಿ ಉಳಿಯುತ್ತದೆ, ಬರೀ ಯಂತ್ರವಲ್ಲವೇ ಎಂಬುದು. ಇದಕ್ಕೆ ಉತ್ತರವಾಗಿ ಎರಡು ಪ್ರಸಂಗ ಹೇಳುತ್ತೇನೆ. ಅಬ್ರಾಂ ಚೇಸಿನ್ಸ್ ಎಂಬ ಪಿಯಾನೋ ವಾದಕ ಒಮ್ಮೆ ಹಾಲಿವುಡ್ಡಿನಲ್ಲಿ ರಾಖ್ಮಾನಿನೋವನ ಮನೆಗೆ ಹೋದ. ಒಳಗಿನಿಂದ ಪಿಯಾನೋ ಕೇಳುತ್ತಿತ್ತು. ಬಾಗಿಲ ಬಳಿಯೇ ನಿಂತ. ಏನು ನುಡಿಸುತ್ತಿದ್ದಾನೆಂದು ತಿಳಿಯಲಿಲ್ಲ. ಒಂದು ಸ್ವರ, ಬಿಡುವು. ಮತ್ತೊಂದು ಸ್ವರ, ಬಿಡುವು. ಬಹಳ ಹೊತ್ತು ಕಿವಿಗೊಟ್ಟ ಮೇಲೆ ಹೊಳೆಯಿತು: ಅದು ಶೋಪಾನ್‌ನ ಒಂದು ಎಟ್ಯೂಡ್, ಬಲಗೈಯ ಜೋಡಿ ಸ್ವರಗಳು ಮಿಂಚಿನ ಹಾಗೆ ಓಡಬೇಕಾದ ಕೃತಿ. ಅದನ್ನು ಅತಿ ವಿಳಂಬದಲ್ಲಿ, ಗುರುತೇ ಸಿಗದ ಹಾಗೆ, ಆತ ಹೆಚ್ಚುಕಡಿಮೆ ಒಂದು ಗಂಟೆ ಸಾಧಕ ಮಾಡಿದ. ಲೋಕವೆಲ್ಲ ಕೈತಟ್ಟಿದ ಕೃತಿಯನ್ನು ಹೀಗೆ ಬಿಡಿಬಿಡಿಯಾಗಿ ಬಿಚ್ಚಿ ಜೋಡಿಸುವವನು ಯಂತ್ರವಲ್ಲ.

ಇನ್ನೊಂದನ್ನು ಮರಿಯೆಟ್ಟಾ ಶಗಿನ್ಯಾನ್ ಎಂಬ ಲೇಖಕಿ ದಾಖಲಿಸಿದ್ದಾಳೆ. ಇದು ರಷ್ಯಾದಲ್ಲಿದ್ದಾಗಿನದು. ಕಛೇರಿ ಮುಗಿದಿದೆ, ಸಭೆ ಹುಚ್ಚೆದ್ದು ಕೂಗುತ್ತಿದೆ, ಇವನು ಒಳಕೋಣೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಾನೆ. ಕೇಳಿದರೆ ‘ಬಿಂದು’ ಜಾರಿಹೋಯಿತು ಎಂದನಂತೆ. ಅವನ ಲೆಕ್ಕದಲ್ಲಿ ಪ್ರತಿ ಕೃತಿಗೂ ಒಂದೇ ಒಂದು ತುತ್ತತುದಿ ಇರುತ್ತದೆ. ಅದು ಜೋರಾಗಿ ಬರಬಹುದು, ಮೆಲ್ಲಗೂ ಬರಬಹುದು. ಕೊನೆಯಲ್ಲಿರಬಹುದು, ನಡುವೆಯೂ ಇರಬಹುದು. ಮೊದಲಿನಿಂದ ಬಂದ ದಾರಿಯೆಲ್ಲ ಅಲ್ಲಿಗೆ ಸರಿಯಾದ ಅಳತೆಯಲ್ಲಿ ಸೇರಬೇಕು. ತಪ್ಪಿದರೆ ಕೃತಿ ಕುಸಿಯಿತು. ಅದು ಕುಸಿದದ್ದು ಸಭೆಗೆ ಗೊತ್ತಾಗದಿರಬಹುದು, ನುಡಿಸಿದವನಿಗೆ ಗೊತ್ತು. ಐದು ತಿಂಗಳಲ್ಲಿ ಎಪ್ಪತ್ತು ರಾತ್ರಿ ಈ ಅಳತೆಗೋಲು ಹಿಡಿದು ವೇದಿಕೆ ಹತ್ತುವವನ ಮನಸ್ಸನ್ನು ಊಹಿಸಿ.

ಅದೇ ಮನುಷ್ಯ ಸಭೆಯ ಮನಸ್ಸನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸುತ್ತಿದ್ದ ಎನ್ನುವುದಕ್ಕೆ ಮೆಟ್ನರನಿಗೆ ಬರೆದ ಒಂದು ಪತ್ರವಿದೆ. 1931ರಲ್ಲಿ ಕೊರೆಲ್ಲಿಯ ಹೆಸರಿನಲ್ಲಿ ಪ್ರಸಿದ್ಧವಾದ ಒಂದು ಹಳೆಯ ಧಾಟಿಯ ಮೇಲೆ, ಅದನ್ನೇ ಬಗೆಬಗೆಯಾಗಿ ಮಾರ್ಪಡಿಸುವ ಇಪ್ಪತ್ತು ವೇರಿಯೇಷನ್‌ಗಳನ್ನು ಬರೆದು ಆ ವರ್ಷದ ಪ್ರವಾಸಕ್ಕೆ ಒಯ್ದ. ಅವುಗಳನ್ನು ಪೂರ್ತಿ ನುಡಿಸುವುದು ಒಮ್ಮೆಯೂ ಆಗಲಿಲ್ಲ ಎಂದು ಗೆಳೆಯನಿಗೆ ಬರೆಯುತ್ತಾನೆ. ಸಭೆಯ ಕೆಮ್ಮೇ ಅವನಿಗೆ ಲೆಕ್ಕ. ಕೆಮ್ಮು ಹೆಚ್ಚಾಯಿತೋ, ಮುಂದಿನ ವೇರಿಯೇಷನ್ ಹಾರಿಸುವುದು. ಕೆಮ್ಮಿಲ್ಲವೋ, ಕ್ರಮದಂತೆ ನುಡಿಸುವುದು. ಒಂದು ಸಣ್ಣ ಊರಿನಲ್ಲಿ ಎಷ್ಟು ಕೆಮ್ಮಿದರೆಂದರೆ ಇಪ್ಪತ್ತರಲ್ಲಿ ಹತ್ತಷ್ಟೇ ಹೊರಬಂದವು. ಅತಿ ಹೆಚ್ಚೆಂದರೆ ನ್ಯೂಯಾರ್ಕಿನಲ್ಲಿ ಹದಿನೆಂಟು. ನೀನು ನುಡಿಸುವಾಗ ಎಲ್ಲವನ್ನೂ ನುಡಿಸುತ್ತೀಯೆ, ಕೆಮ್ಮುವುದಿಲ್ಲ ಎಂಬ ಆಸೆ ನನ್ನದು ಎಂಬರ್ಥದ ತಮಾಷೆಯೂ ಅದರಲ್ಲಿದೆ. ನಗು ಬರುವುದು ಸಹಜ. ಆದರೆ ನೋಡಿ, ಆತ ಹಾರಿಸುತ್ತಿದ್ದದ್ದು ಬೇರೆ ಯಾರ ಕೃತಿಯನ್ನೂ ಅಲ್ಲ, ತನ್ನದನ್ನೇ. ಟಿಕೆಟ್ ಕೊಂಡವನ ಗಂಟಲು ಆ ಸಂಜೆ ಕೃತಿಯ ಉದ್ದವನ್ನು ನಿರ್ಧರಿಸುತ್ತಿತ್ತು.

ರಷ್ಯಾದಲ್ಲಿದ್ದಾಗ ರಾಖ್ಮಾನಿನೋವ್ ಬರೆದದ್ದು ಓಪಸ್ ಎಂಬ ಕೃತಿಸಂಖ್ಯೆಯಲ್ಲಿ 1ರಿಂದ 39ರವರೆಗೆ. ಹೊರಗಿದ್ದ ಇಪ್ಪತ್ತೈದು ವರ್ಷಗಳಲ್ಲಿ 40ರಿಂದ 45, ಆರೇ ಆರು. ನಾಲ್ಕನೆಯ ಕನ್ಚೆರ್ಟೊ ಮುಗಿಸಲು ಒಂದು ವರ್ಷ ಕಛೇರಿಗಳನ್ನೇ ನಿಲ್ಲಿಸಬೇಕಾಯಿತು. 1927ರಲ್ಲಿ ಫಿಲಡೆಲ್ಫಿಯಾದಲ್ಲಿ ನುಡಿಸಿದಾಗ ವಿಮರ್ಶಕರು ಹಿಗ್ಗಾಮುಗ್ಗಾ ಬೈದರು. ಅದನ್ನು ಕತ್ತರಿಸಿ ತಿದ್ದಿದ. ಮತ್ತೆ 1941ರಲ್ಲಿ ತಿದ್ದಿದ. ಕಛೇರಿಯ ದುಡ್ಡಿನಲ್ಲಿ ಸ್ವಿಟ್ಸರ್ಲೆಂಡಿನ ಲುಸರ್ನ್ ಸರೋವರದ ದಡದಲ್ಲಿ ಸೆನಾರ್ ಎಂಬ ಮನೆ ಕಟ್ಟಿಸಿದ. 1934ರ ಬೇಸಿಗೆಯಲ್ಲಿ ಪಗನಿನಿಯ ಧಾಟಿಯ ಮೇಲಿನ ರ‍್ಯಾಪ್ಸಡಿ ಅಲ್ಲಿ ಹುಟ್ಟಿತು. ಅದು ಈಗ ಲೋಕಪ್ರಿಯ.

ಅಮೆರಿಕ ಒಬ್ಬ ಮಹಾ ವಾಗ್ಗೇಯಕಾರನನ್ನು ತಿಂದುಹಾಕಿತು ಎಂದು ಹೇಳುವವರಿದ್ದಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಕಛೇರಿಗಳು ಸಮಯವನ್ನು ತಿಂದದ್ದು ನಿಜ. ಆದರೆ ಆ ಕಛೇರಿಗಳಿಲ್ಲದಿದ್ದರೆ ಸೆನಾರ್ ಇಲ್ಲ, ಅಲ್ಲಿ ಬರೆದ ರ‍್ಯಾಪ್ಸಡಿಯೂ ಇಲ್ಲ. ಮೇಲಾಗಿ ಬರೆಯುವ ಹುಮ್ಮಸ್ಸು ಊರಿನ ಜೊತೆಗೇ ಹೋಯಿತೆಂದು ಅವನೇ ಹೇಳಿಕೊಳ್ಳುತ್ತಿದ್ದ. ಬಿಡುವು ಸಿಕ್ಕಿದ್ದರೆ ನಲವತ್ತು ಓಪಸ್ ಬರುತ್ತಿದ್ದವು ಎಂಬುದು ನಮ್ಮ ಆಸೆಯ ಲೆಕ್ಕ. ಒಂದು ವಿಷಯದಲ್ಲಿ ಮಾತ್ರ ಆತ ಮಾರುಕಟ್ಟೆಗೆ ಮಣಿಯಲಿಲ್ಲ. ಗ್ರಾಮಫೋನಿಗೆ ನುಡಿಸಿದ, ತನ್ನ ಕಛೇರಿಯನ್ನು ರೇಡಿಯೋ ಪ್ರಸಾರ ಮಾಡಲು ಬಿಡಲಿಲ್ಲ. ಅದರಿಂದ ನಷ್ಟವಾದದ್ದು ನಮಗೆ. ಸಭೆಯ ಮುಂದೆ ಆತ ಹೇಗೆ ನುಡಿಸುತ್ತಿದ್ದ ಎಂಬುದಕ್ಕೆ ಪಕ್ಕದಲ್ಲಿದ್ದವರ ಮಾತೇ ಗತಿ.

ಈ ಕಥೆಯಲ್ಲಿ ಭಾರತ ಮೊದಲು ಬರುವುದು ಒಂದು ಜಗಳದ ಮೂಲಕ. 1930ರಲ್ಲಿ ರವೀಂದ್ರನಾಥ ಟಾಗೋರರು ಸೋವಿಯತ್ ರಷ್ಯಾ ನೋಡಿಬಂದು ಅಲ್ಲಿನ ಶಿಕ್ಷಣವನ್ನು ಮೆಚ್ಚಿ ಮಾತಾಡಿದರು. 1931ರ ಜನವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಅದನ್ನು ಖಂಡಿಸುವ ಕಾಗದ ಬಂತು. ಕೆಳಗೆ ಮೂವರ ಸಹಿ. ಒಂದು ಟಾಲ್‌ಸ್ಟಾಯ್ ಮಗ ಇಲ್ಯಾನದು, ಇನ್ನೊಂದು ರಾಖ್ಮಾನಿನೋವನದು. ಟಾಗೋರರು ಅಲ್ಲಿನ ಹಿಂಸೆಯನ್ನು ಕಂಡೂ ಕಾಣದಂತೆ ಇದ್ದಾರೆ ಎಂಬುದು ಆರೋಪ. ಟಾಗೋರರು ರಷ್ಯಾದಲ್ಲೇ ಕೊಟ್ಟ ಸಂದರ್ಶನದಲ್ಲಿ ದ್ವೇಷವನ್ನು ಕಲಿಸುವ ಬಗ್ಗೆ ಎಚ್ಚರ ಹೇಳಿದ್ದರು ಎಂಬುದನ್ನು ನಾವು ಮರೆಯಬಾರದು. ಆರೋಪ ಪೂರ್ತಿ ನ್ಯಾಯವಲ್ಲ. ಆದರೆ ಊರು ಕಳೆದುಕೊಂಡವನ ಸಿಟ್ಟಿಗೆ ಅಷ್ಟು ಸಮತೂಕ ಎಲ್ಲಿಂದ ಬರಬೇಕು? ಎರಡು ತಿಂಗಳಲ್ಲಿ ಮಾಸ್ಕೋ ಮತ್ತು ಲೆನಿನ್‌ಗ್ರಾಡಿನ ಸಂಗೀತ ಶಾಲೆಗಳಲ್ಲಿ ಅವನ ಸಂಗೀತಕ್ಕೆ ನಿಷೇಧ ಬಿತ್ತು. ಅದು ಕೆಲವು ವರ್ಷಗಳಲ್ಲೇ ಸಡಿಲವಾಯಿತು. ಹತ್ತು ವರ್ಷ ಕಳೆದು ಹಿಟ್ಲರನ ಸೇನೆ ರಷ್ಯಾಕ್ಕೆ ನುಗ್ಗಿದಾಗ, ಅದೇ ರಾಖ್ಮಾನಿನೋವ್ ನ್ಯೂಯಾರ್ಕಿನ ಒಂದು ಕಛೇರಿಯ ಹುಟ್ಟುವಳಿಯನ್ನು ಸೋವಿಯತ್ ಯುದ್ಧ ಪರಿಹಾರಕ್ಕೆ ಕೊಟ್ಟ.

ಕೊನೆಯ ಪ್ರವಾಸ 1943ರ ಫೆಬ್ರವರಿ. ಪಕ್ಕೆಯಲ್ಲಿ ನೋವು, ಕೆಮ್ಮು, ತೂಕ ಇಳಿಯುತ್ತಿತ್ತು. ಕ್ಯಾನ್ಸರ್ ಎಂದು ಆಗ ಗೊತ್ತಿರಲಿಲ್ಲ. ಫೆಬ್ರವರಿ 17ರಂದು ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ನುಡಿಸಿದ. ಕಾರ್ಯಕ್ರಮದಲ್ಲಿ ಶವಯಾತ್ರೆಯ ನಡೆ ಇರುವ ಶೋಪಾನ್‌ನ ಸೊನಾಟಾ ಇತ್ತು. ಮುಂದಿನ ಊರುಗಳು ರದ್ದಾದವು, ರೈಲಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಮರಳಿದ. ಮಾರ್ಚ್ 28ರಂದು ತೀರಿಕೊಂಡ. ಅರ್ಧಕ್ಕೆ ನಿಂತ ಪ್ರವಾಸಕ್ಕೂ ಸಾವಿಗೂ ನಡುವೆ ಆರು ವಾರವೂ ಇರಲಿಲ್ಲ.

ಈಗ ಮೆಟ್ನರ್. ರಾಖ್ಮಾನಿನೋವನಿಗಿಂತ ಏಳು ವರ್ಷ ಕಿರಿಯ, ಮಾಸ್ಕೋದವನು, ಅಪ್ಪಟ ಪಿಯಾನೋ ವಾದಕ, ವಾಗ್ಗೇಯಕಾರನೂ ಹೌದು. ಗೆಳೆತನ ಎಷ್ಟೆಂದರೆ ರಾಖ್ಮಾನಿನೋವ್ ತನ್ನ ನಾಲ್ಕನೆಯ ಕನ್ಚೆರ್ಟೊವನ್ನು ಇವನಿಗೆ ಅರ್ಪಿಸಿದ, ಇವನು ತನ್ನ ಎರಡನೆಯದನ್ನು ಅವನಿಗೆ. 1921ರಲ್ಲಿ ಮೆಟ್ನರನೂ ದೇಶ ಬಿಟ್ಟ. 1924-25ರಲ್ಲಿ ರಾಖ್ಮಾನಿನೋವನ ನೆರವಿನಿಂದ ಅಮೆರಿಕ ಸುತ್ತಿದ, 1929-30ರಲ್ಲಿ ಮತ್ತೊಮ್ಮೆ. ಆದರೆ ಇವನಿಗೆ ಸಭೆಯ ಕೆಮ್ಮು ಕೇಳಿಸುತ್ತಲೇ ಇರಲಿಲ್ಲ. ಕಾರ್ಯಕ್ರಮವೆಂದರೆ ಬಹುಪಾಲು ತನ್ನ ಕೃತಿಗಳೇ. ಜನಕ್ಕೆ ಪರಿಚಯವಿಲ್ಲದ ದಟ್ಟ, ಗಂಭೀರ ಸೊನಾಟಾಗಳು. ಜನ ಬೇಡುವುದನ್ನು ಕೊಡುವುದು ಅವನ ಜಾಯಮಾನದಲ್ಲಿರಲಿಲ್ಲ. ಹೊಸಗಾಲದ ಸಂಗೀತವನ್ನು ಖಂಡಿಸಿ ಒಂದು ಪುಸ್ತಕ ಬೇರೆ ಬರೆದ. 1935ರಲ್ಲಿ ಅದನ್ನು ಅಚ್ಚು ಹಾಕಿದ್ದು ರಾಖ್ಮಾನಿನೋವನೇ, ತನ್ನ ಹೆಣ್ಣುಮಕ್ಕಳ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ‘ತಾಯಿರ್’ ಎಂದು ಕರೆದ ತನ್ನ ಪ್ರಕಾಶನದಿಂದ. ಊರೂರು ತಿರುಗಿ ಗಳಿಸಿದವನ ದುಡ್ಡು ತಿರುಗಲಾರದವನ ಪುಸ್ತಕವಾಯಿತು.

ದೇಶ ಬಿಟ್ಟ ಮೇಲೆ ಮೆಟ್ನರ್ ನೆಲೆಸಿದ್ದು ಬರ್ಲಿನ್, ಪ್ಯಾರಿಸಿನ ಬದಿ, ಕೊನೆಗೆ ಲಂಡನ್ನಿನ ಗೋಲ್ಡರ್ಸ್ ಗ್ರೀನ್. ಯುದ್ಧ ಬಂದಾಗ ಜರ್ಮನ್ ಪ್ರಕಾಶಕನಿಂದ ಬರುತ್ತಿದ್ದ ಹಣ ನಿಂತಿತು, ಪಾಠಕ್ಕೆ ಬರುವವರು ಚದುರಿದರು, 1942ರಲ್ಲಿ ಹೃದಯಾಘಾತವಾಯಿತು. ಅವನ ಶಿಷ್ಯೆ, ಪಿಯಾನೋ ವಾದಕಿ ಎಡ್ನಾ ಐಲ್ಸ್, ಗಂಡಹೆಂಡಿರನ್ನು ವಾರಿಕ್‌ಷೈರಿನಲ್ಲಿ ಇರಿಸಿಕೊಂಡು ನೋಡಿಕೊಂಡಳು. ಅಲ್ಲಿ ಮೂರನೆಯ ಕನ್ಚೆರ್ಟೊ ಮುಗಿಯಿತು. 1944ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ತಾನೇ ನುಡಿಸಿದ.

ಅದೇ ಹೊತ್ತಿಗೆ ಮೈಸೂರಿನಲ್ಲಿ ಪಿಯಾನೋ ನುಡಿಸುವ ಒಬ್ಬ ದೊರೆ ಇದ್ದರು. ಜಯಚಾಮರಾಜೇಂದ್ರ ಒಡೆಯರನ್ನು ನಾವು ‘ಶ್ರೀವಿದ್ಯಾ’ ಅಂಕಿತದ 94 ಕೃತಿಗಳಿಂದ ಬಲ್ಲೆವು. ಅದಕ್ಕೂ ಮುಂಚೆ ಅವರ ಆಸೆ ಪಿಯಾನೋ ಕಛೇರಿಗಾರರಾಗುವುದಾಗಿತ್ತು. 1940ರ ಮಾರ್ಚಿನಲ್ಲಿ ತಂದೆ ಯುವರಾಜರು, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡರು. ಇಪ್ಪತ್ತೊಂದರ ಹುಡುಗ ಪಟ್ಟಕ್ಕೆ ಬಂದರು. ಪ್ರಪಂಚ ಸುತ್ತಬೇಕಿದ್ದ ಪಿಯಾನೋ ಅರಮನೆಯೊಳಗೇ ಉಳಿಯಿತು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದದ್ದು ಆ ಆಸೆಯ ಉಳಿಕೆ ಇರಬೇಕು. ಅವರ ಸೋದರಿ ವಿಜಯಾದೇವಿಯವರೂ ಪಿಯಾನೋ ಕಲಿತರು, ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಸ್ಟೊಯರ್‌ಮನ್ ಎಂಬ ದೊಡ್ಡ ಗುರುಗಳ ಬಳಿ ಪಾಠ ಹೇಳಿಸಿಕೊಂಡರು.

ಲಂಡನ್ನಿನ ರೆಕಾರ್ಡ್ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದುಹೋದ ನೆನಪನ್ನು ಬರೆದಿದ್ದಾನೆ: ಮೂವತ್ತೂ ತುಂಬದ ಮಹಾರಾಜ, ಅರಮನೆಯಲ್ಲಿ ಗಂಭೀರ ಸಂಗೀತದ ರೆಕಾರ್ಡುಗಳ ದೊಡ್ಡ ಭಂಡಾರ, ದೊಡ್ಡ ದೊಡ್ಡ ಧ್ವನಿವರ್ಧಕಗಳು, ಒಂದಕ್ಕಿಂತ ಹೆಚ್ಚು ಕನ್ಸರ್ಟ್ ಪಿಯಾನೋಗಳು. ಮೆಟ್ನರನ ಕೃತಿಗಳನ್ನು ಮೆಟ್ನರನೇ ನುಡಿಸಿ ಮುದ್ರಿಸಬೇಕು, ಖರ್ಚು ತನ್ನದು ಎಂದರು ಮಹಾರಾಜರು. ಹೀಗೆ ಮೆಟ್ನರ್ ಸೊಸೈಟಿ ಹುಟ್ಟಿತು. ಲೆಗ್ ಕಟ್ಟಿದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೂ ಮೈಸೂರಿನ ನೆರವು ದೊರೆಯಿತು. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷದ ಮಾತಾಯಿತೆಂದು ಅವನೇ ಬರೆದಿದ್ದಾನೆ. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮಹಾರಾಜರೇ ಮೊದಲ ಅಧ್ಯಕ್ಷರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲು ಕೇಳಿಬಂದಾಗಲೂ ಬೆನ್ನಿಗಿದ್ದದ್ದು ಇದೇ ಮೈಸೂರಿನ ಹಣ. ಕಛೇರಿಗೆ ಮಹಾರಾಜರು ಹೋಗಲಿಲ್ಲ. ಅದರ ರೆಕಾರ್ಡು ಮೈಸೂರಿಗೆ ಬಂತು.

ಮೆಟ್ನರನ ಸ್ಥಿತಿ ನೋಡಿ. ಅಮೆರಿಕದ ಸಭಾಂಗಣಗಳಲ್ಲಿ ಎರಡು ಪ್ರವಾಸದಲ್ಲಿ ಸಿಗದ ಕೇಳುಗ ಅವನಿಗೆ ಸಿಕ್ಕಿದ್ದು ಅವನು ಕಾಲಿಡದ ಒಂದೂರಿನಲ್ಲಿ. 1947ರಿಂದ ಸ್ಟುಡಿಯೋಗೆ ಹೋಗಿ ಕೂತ. ಮೂರು ಕನ್ಚೆರ್ಟೊ, ಸೊನಾಟಾಗಳು, ಹಾಡುಗಳು. ಹೃದಯ ದುರ್ಬಲ, ವಯಸ್ಸು ಎಪ್ಪತ್ತರ ಹತ್ತಿರ. ಆಗ ಒಂದು ರೆಕಾರ್ಡಿನ ಬದಿಗೆ ನಾಲ್ಕೈದು ನಿಮಿಷವಷ್ಟೇ ಹಿಡಿಸುತ್ತಿತ್ತು. ಅರ್ಧ ಗಂಟೆ ಮೀರುವ ಕನ್ಚೆರ್ಟೊವನ್ನು ತುಂಡು ತುಂಡಾಗಿ ನುಡಿಸಬೇಕು, ಒಂದು ಸ್ವರ ತಪ್ಪಿದರೆ ಆ ತುಂಡು ಪೂರ್ತಿ ಮತ್ತೆ. ಇಲ್ಲಿ ಕೆಮ್ಮುವವರಿಲ್ಲ, ಕೈತಟ್ಟುವವರೂ ಇಲ್ಲ. ಮೂರನೆಯ ಕನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ.

ಅರಮನೆಯ ಆಶ್ರಯವನ್ನು ಹೊಗಳಿ, ಟಿಕೆಟ್ಟಿನ ಗೇಟನ್ನು ತೆಗಳಿ ಕೂರಲು ನಾನು ತಯಾರಿಲ್ಲ. ಮೆಟ್ನರನಿಗೆ ಸಿಕ್ಕ ಆಶ್ರಯ ಒಬ್ಬ ವ್ಯಕ್ತಿಯ ಅಭಿರುಚಿಯ ಮೇಲೆ ನಿಂತಿತ್ತು, ಆ ವ್ಯಕ್ತಿಯ ಖಜಾನೆಯ ಮೇಲೆ ನಿಂತಿತ್ತು. ಮೈಸೂರಿನ ರೈತರು ಕಟ್ಟಿದ ಕಂದಾಯಕ್ಕೂ ಲಂಡನ್ನಿನಲ್ಲಿ ಕೂತ ರಷ್ಯನ್ನನ ಸೊನಾಟಾಕ್ಕೂ ಏನು ಸಂಬಂಧ ಎಂದು ಅವತ್ತು ಯಾರಾದರೂ ಕೇಳಿದ್ದರೆ ಅದು ಅನ್ಯಾಯದ ಪ್ರಶ್ನೆಯಲ್ಲ. ಸಂಸ್ಥಾನ ಒಕ್ಕೂಟಕ್ಕೆ ಸೇರಿತು, 1950ರಲ್ಲಿ ಮಹಾರಾಜರು ರಾಜಪ್ರಮುಖರಾದರು, ಹಣದ ಹರಿವು ಬತ್ತಿತು. ಯೋಜನೆಯಲ್ಲಿ ಇನ್ನೂ ಎಷ್ಟೋ ಕೃತಿಗಳಿದ್ದವು. 1951ರ ನವೆಂಬರ್ 13ರಂದು ಮೆಟ್ನರ್ ಲಂಡನ್ನಿನಲ್ಲಿ ತೀರಿಕೊಂಡ. ರಾಖ್ಮಾನಿನೋವನನ್ನು ಸಾಕಿದ ಜನಕ್ಕೆ ಒಬ್ಬ ಹೋದರೆ ಇನ್ನೊಬ್ಬ ಬರುತ್ತಿದ್ದ. ಇವನನ್ನು ಸಾಕಿದ್ದು ಒಂದೇ ಮನೆ.

ಆದರೂ ಆ ರೆಕಾರ್ಡುಗಳು ಇವೆ. ಸಿ.ಡಿ.ಗೆ ಇಳಿದು ಮತ್ತೆ ಪೇಟೆಗೆ ಬಂದಿವೆ. ಮೆಟ್ನರನನ್ನು ನುಡಿಸುವ ಹೊಸ ಪೀಳಿಗೆಯವರು ಬರೆದವನ ಕೈ ಹೇಗಿತ್ತೆಂದು ತಿಳಿಯಲು ಅವುಗಳ ಬಳಿಗೇ ಹೋಗುತ್ತಾರೆ. ವ್ಯವಸ್ಥಾಪಕರು ಇವತ್ತು ಒಂದು ಪ್ಲೇಯರ್ ತರಿಸಿಟ್ಟಿದ್ದಾರೆ. ಮೂರನೆಯ ಕನ್ಚೆರ್ಟೊದ ಮೊದಲ ಭಾಗವನ್ನು ಈಗ ಹಾಕೋಣ: ಪಿಯಾನೋ ಮೆಟ್ನರನದು, ಆರ್ಕೆಸ್ಟ್ರಾ ಫಿಲ್‌ಹಾರ್ಮೋನಿಯಾ, ನಡೆಸುವವನು ಇಸಾಯ್ ದೊಬ್ರೊವೆನ್. ಹಳೆಯ ಮುದ್ರಣ, ಸ್ವಲ್ಪ ಕರಕರ ಇದೆ; ಪಿಯಾನೋದ ಎಡಗೈ ಕಡೆಗೆ ಕಿವಿ ಇಡಿ.